ಹೊಲಿಗೆಯಕ್ಕನ ಹಿತ್ತಿಲ ಮಣ್ಣು

ಆ ಬೀದಿಯಲ್ಲಿ ಅವಳಿಗಿದ್ದ ಹೆಸರು ಹೊಲಿಗೆಯಕ್ಕ. ತಲೆ ನರೆತವರಿಗೂ ಅಕ್ಕ, ಹಾಲುಹಲ್ಲಿನ ಮಕ್ಕಳಿಗೂ ಅಕ್ಕ. ಅಂಗಿ ಬಿಗಿಯಾಯಿತು, ಪ್ಯಾಂಟು ಉದ್ದವಾಯಿತು, ಜಿಪ್ಪು ಕೈಕೊಟ್ಟಿತು ಎಂದು ಬಂದವರೆಲ್ಲ ಬೀದಿಗೆ ತೆರೆದ ಮುಂಗೋಣೆಯ ಬಾಗಿಲಲ್ಲೇ ನಿಂತು ಮಾತು ಮುಗಿಸಿ ಹೋಗುತ್ತಿದ್ದರು. ಕಿಟಕಿಯ ಬುಡದಲ್ಲಿ ಮಷೀನು, ಕತ್ತಿನಲ್ಲಿ ಅಳತೆ ಟೇಪು, ಸೊಂಟದಲ್ಲಿ ಕತ್ತರಿ. ಅವಳ ಕೈಯಲ್ಲಿ ಬಟ್ಟೆ ಪೋಲಾಗುವ ಮಾತೇ ಇಲ್ಲ. ಅಂಗೈಯಗಲದ ಚೂರು ಉಳಿದರೂ ಎತ್ತಿಟ್ಟು ದಿಂಬಿನ ಚೀಲವನ್ನೋ ಕಾಲೊರಸನ್ನೋ ಹೊಲಿದುಬಿಡುವಳು. ಈ ಗುಣವನ್ನು ಬೀದಿಯೇ ಹೊಗಳುತ್ತಿತ್ತು. ಅದೇ ಗುಣ ಅವಳ ತೋಟಕ್ಕೆ ಮುಳುವಾದದ್ದನ್ನು ಮುಂದೆ ಹೇಳುತ್ತೇನೆ.

ತೋಟದ ಹುಚ್ಚು ಹಿಡಿದದ್ದು ಬೆನ್ನುನೋವಿನಿಂದ. ದಿನವಿಡೀ ಬಾಗಿ ಕೂತು ಕೂತು ಸೊಂಟ ಹಿಡಿದುಕೊಂಡಾಗ ಡಾಕ್ಟರು ಬೆಳಗ್ಗೆ ಸ್ವಲ್ಪ ನಡೆಯಿರಿ ಎಂದರು. ನಾಲ್ಕು ದಿನ ನಡೆದು ಅವಳಿಗೆ ಬೇಜಾರಾಯಿತು.

"ಸುಮ್ನೆ ಹೋಗಿ ಸುಮ್ನೆ ಬರೋದು ನನ್ನಿಂದ ಆಗಲ್ಲ ರೀ. ಏನಾದ್ರೂ ಅಗೀತೀನಿ," ಎಂದಳು ಗಂಡನಿಗೆ.

ಗಂಡ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಮಾತು ಕಡಿಮೆ. "ಅಗಿ," ಎಂದ.

ಅಗೆಯಲು ಹಿತ್ತಿಲಿತ್ತು. ಆದರೆ ಅದನ್ನು ಹಿತ್ತಿಲು ಎನ್ನಲು ಧೈರ್ಯ ಬೇಕಿತ್ತು. ಮನೆ ಕಟ್ಟಿದ ಮೇಸ್ತ್ರಿ ಒಡೆದ ಇಟ್ಟಿಗೆ, ಗಟ್ಟಿಯಾದ ಗಾರೆ, ಮುರಿದ ಪೈಪು ಎಲ್ಲವನ್ನೂ ಅಲ್ಲಿ ಸುರಿದು, ಮೇಲೆ ಎರಡು ಬುಟ್ಟಿ ಮಣ್ಣು ಚೆಲ್ಲಿ ಕೈತೊಳೆದುಕೊಂಡಿದ್ದ. ಹೊಲಿಗೆಯಕ್ಕ ಅದರ ಮೇಲೇ ಕೊತ್ತಂಬರಿ ಎರಚಿದಳು, ಸೊಪ್ಪು ಹಾಕಿದಳು. ಎಲ್ಲವೂ ಒಂದು ಸಲ ತಲೆಯೆತ್ತಿ, ಹಳದಿಯಾಗಿ, ಮಲಗಿಬಿಟ್ಟವು. ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇಡೀ ಮನೆಯನ್ನು ಆಳುತ್ತಿದ್ದ ಅತ್ತೆ ನೋಡುವಷ್ಟು ನೋಡಿ ಬಾಯಿಬಿಟ್ಟರು.

"ಇದು ತೋಟ ಅಲ್ಲ ಕಣೇ. ಬೀಜಕ್ಕೆ ಸ್ಮಶಾನ."

ಈ ಮಾತು ಅವಳಿಗೆ ನಾಟಿತು. ನಾಟಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವ ಪೈಕಿಯಲ್ಲ ಅವಳು. ಗುದ್ದಲಿ ಹಿಡಿದು ಇಡೀ ಹಿತ್ತಿಲನ್ನು ಮೊಣಕಾಲಾಳ ತೋಡಿದಳು. ಇಟ್ಟಿಗೆ ಚೂರುಗಳನ್ನು ಚೀಲಕ್ಕೆ ತುಂಬಿ, ದಿನ ಬೆಳಗಾದರೆ ಒಂದೊಂದೇ ಚೀಲ ಹೊತ್ತು ಬೀದಿ ಕೊನೆಯ ಗುಂಡಿಗೆ ಸುರಿದು ಬಂದಳು. ಡಾಕ್ಟರು ಹೇಳಿದ ನಡಿಗೆಯೂ ಆಯಿತು. ಹಿತ್ತಿಲಲ್ಲಿ ಖಾಲಿಯಾದ ಗುಂಡಿಗೆ ಅಡುಗೆಮನೆಯ ಸಿಪ್ಪೆ, ಟೀ ಚರಟ, ಎದುರಿನ ಶಾಲೆಯಲ್ಲಿ ಗುಡಿಸಿ ಎಸೆಯುವ ಒಣ ಎಲೆ, ಸಗಣಿ, ಬೂದಿ ಎಲ್ಲವನ್ನೂ ತಂದು ತಂದು ಹಾಕಿ, ನೀರು ಚಿಮುಕಿಸಿ, ತಿರುವಿ ಹಾಕುತ್ತ ಕೂತಳು. ಮೊದಮೊದಲು ನೊಣ ಮುತ್ತಿತು, ವಾಸನೆ ಹೊಡೆಯಿತು. ಗಂಡನ ಅಣ್ಣ, ಅಂದರೆ ಭಾವ, ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಹಿತ್ತಿಲು ದಾಟುತ್ತಿದ್ದರು. ಅವರ ಹೆಂಡತಿ ಹಿತ್ತಿಲ ಕಿಟಕಿಗೆ ಪರದೆ ಬೇಕೆಂದಳು. ಪರದೆಯನ್ನು ಹೊಲಿದುಕೊಟ್ಟವಳೂ ಹೊಲಿಗೆಯಕ್ಕನೇ. ವರ್ಷ ಕಳೆಯಿತು, ಇನ್ನೊಂದು ವರ್ಷವೂ ಕಳೆಯಿತು. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಿ ಉದುರುವ ಕಪ್ಪು ಮಣ್ಣು ಆ ಗುಂಡಿಯ ತುಂಬ ನಿಂತಿತು.

ಆಗ ಬದನೆ ಸಸಿ ನೆಟ್ಟಳು. ಎಲೆಗಳು ಅಂಗೈಯಗಲವಾದವು. ಅವಳ ಖುಷಿಗೆ ಪಾರವೇ ಇರಲಿಲ್ಲ. ಒಂದು ಸಂಜೆ ಪೇಂಟರ್ ಮಹಾಶಯ ಕೆಲಸ ಮುಗಿಸಿ ಬಂದು, ಹಿತ್ತಿಲ ನಲ್ಲಿಯ ಹತ್ತಿರ ಬ್ರಷ್ಷುಗಳನ್ನೆಲ್ಲ ಥಿನ್ನರಿನಲ್ಲಿ ಅದ್ದಿ ಅದ್ದಿ ತೊಳೆದು, ಆ ನೀರನ್ನು ಸೀದಾ ಬದನೆಯ ಪಾತಿಗೆ ಚೆಲ್ಲಿದ. ಎರಡು ದಿನದಲ್ಲಿ ಸಸಿಗಳು ಸುಟ್ಟಂತೆ ಮುದುಡಿಕೊಂಡವು.

"ಒಂದ್ ಚೂರು ಥಿನ್ನರ್ ಕಣೇ, ಅಷ್ಟೇ."

"ಅಷ್ಟೇನಾ? ನೀವೂ ಒಂದ್ ಚೂರು ಕುಡಿದು ನೋಡಿ."

ಆ ಮೂಲೆಯ ಮಣ್ಣನ್ನೆಲ್ಲ ಬಾಚಿ ಆಚೆ ಹಾಕಿ ಮತ್ತೆ ಹೊಸದಾಗಿ ಮಣ್ಣು ಮಾಡಿದಳು. ಪೇಂಟರ್ ತಪ್ಪಿತಸ್ಥನಂತೆ ತಿಂಗಳುಗಟ್ಟಲೆ ಶಾಲೆಯ ಎಲೆ ಹೊತ್ತು ತಂದ.

ಮುಂದಿನ ಬೆಳೆಗೆ ಶತ್ರು ಅವಳೇ. ಮೂಲಂಗಿ, ಟೊಮೆಟೊ, ಸೊಪ್ಪು ಎಲ್ಲವೂ ಒತ್ತೊತ್ತಾಗಿ ಹುಟ್ಟಿದವು. ಅರ್ಧ ಕಿತ್ತು ಬಿಸಾಕು ಎಂದರು ಅತ್ತೆ. ಚೂರು ಬಟ್ಟೆಯನ್ನೂ ಎಸೆಯದ ಕೈ ಜೀವವಿರುವ ಸಸಿಯನ್ನು ಕಿತ್ತೀತೆ? ಒಂದನ್ನೂ ಕೀಳಲಿಲ್ಲ. ಎಡೆ ಸಿಕ್ಕಲ್ಲೆಲ್ಲ ತುರುಕಿದಳು, ಗೋಡೆಯ ಸಂದಿಗೂ ಎರಡು ನೆಟ್ಟಳು. ಎಲ್ಲವೂ ಬೆಳಕಿಗೆ ಒಂದನ್ನೊಂದು ತಳ್ಳಾಡಿ ಸಣಕಲಾಗಿ ಎದ್ದು ನಿಂತವು. ಮೂಲಂಗಿ ಕಿತ್ತರೆ ಪೆನ್ಸಿಲ್ಲಿನಷ್ಟು ದಪ್ಪವೂ ಇರಲಿಲ್ಲ. ಭಾವ ಊಟಕ್ಕೆ ಕೂತಾಗ ಒಂದನ್ನು ಎತ್ತಿ ಹಿಡಿದು, "ಇದನ್ನ ತಿನ್ನಬೇಕೋ, ಸೂಜಿಗೆ ಪೋಣಿಸಬೇಕೋ?" ಎಂದರು. ಎಲ್ಲರ ಜೊತೆ ಅವಳೂ ನಕ್ಕಳು. ಒಳಗೆ ಮಾತ್ರ ಚುರ್ರೆಂದಿತ್ತು.

ಮರುಸಲ ಕಿತ್ತಳು. ಮೊದಲನೆಯ ಸಸಿ ಕೀಳುವಾಗ, ಒಳ್ಳೆಯ ಬಟ್ಟೆಗೆ ತಪ್ಪು ಕತ್ತರಿ ಬಿದ್ದಷ್ಟೇ ಸಂಕಟವಾಯಿತು. ಹಲ್ಲುಕಚ್ಚಿ ಕಿತ್ತಳು. ಆಮೇಲೆ ಕೈ ತಾನಾಗಿ ಓಡಿತು. ಆ ಸಲದ ಬೀನ್ಸು, ಬದನೆ, ಬೆಂಡೆ ನೋಡಲು ಬೀದಿಯವರು ಹಿಂದಿನ ಓಣಿಯಿಂದ ಬಂದು ಗೇಟಿನಲ್ಲಿ ಇಣುಕುತ್ತಿದ್ದರು. ಬಟ್ಟೆ ತೆಗೆದುಕೊಳ್ಳಲು ಬಂದವರು ಬಟ್ಟೆ ಮರೆತು ಬೆಂಡೆಕಾಯಿ ಹಿಡಿದುಕೊಂಡು ಹೋದದ್ದೂ ಉಂಟು.

ತೋಟ ಹೀಗೆ ಕೈಗೆ ಹತ್ತಿದ ಹೊತ್ತಿಗೇ ಭಾವ ಸರಕು ಸಾಗಿಸುವ ವ್ಯಾನು ಕೊಂಡರು. ಬೀದಿ ಕಿರಿದು. ಮನೆಯ ಮುಂದೆ ನಿಲ್ಲಿಸಿದ ಹೊಸ ವ್ಯಾನಿಗೆ ವಾರದೊಳಗೆ ಯಾರೋ ಉದ್ದಕ್ಕೆ ಗೀರಿ ಹೋದರು, ಮತ್ತೊಬ್ಬರು ಕನ್ನಡಿ ಮುರಿದರು. ಭಾವನ ಹೊಟ್ಟೆಪಾಡು ಆ ವ್ಯಾನು, ಹೊಟ್ಟೆ ಉರಿಯದೆ ಇರುತ್ತದೆಯೇ? ಹಿತ್ತಿಲಿಗೆ ಕಾಂಕ್ರೀಟು ಹಾಕಿಸಿ, ಹಿಂದಿನ ಓಣಿಯ ಗೇಟಿನಿಂದ ತಂದು ಒಳಗೆ ನಿಲ್ಲಿಸುತ್ತೇನೆ ಎಂದರು. ಹಿತ್ತಿಲಿನ ಅಳತೆಯೂ ವ್ಯಾನಿನ ಅಳತೆಯೂ ಮಾತಾಡಿಕೊಂಡಂತೆ ಸರಿಯಾಗಿ ಹೊಂದುತ್ತಿದ್ದವು. ಅರ್ಧ ನನಗೆ, ಅರ್ಧ ನಿನಗೆ ಎನ್ನುವಂತಿರಲಿಲ್ಲ.

ಮನೆ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಇಬ್ಬರೂ ಅವರ ಕುರ್ಚಿಯ ಮುಂದೆ ನಿಂತರು.

"ಅವನದು ದುಡಿಮೆ, ನಿಂದು ಚಟ. ಅಲ್ವೇನೇ?" ಎಂದರು ಅತ್ತೆ.

"ಚಟ ಅಲ್ಲ ಅತ್ತೆ. ಇಡೀ ಮನೆಗೆ ತರಕಾರಿ ಕೊಡುತ್ತೆ."

"ಕೊಡುತ್ತಾ? ಹಂಗಾದ್ರೆ ಒಂದು ವಾರ ಕೊಡಲಿ. ಈರುಳ್ಳಿ ಗೀರುಳ್ಳಿ ಬಿಟ್ಟು ಅಂಗಡಿ ತರಕಾರಿ ಒಂದು ಚೂರೂ ಒಳಗೆ ಬರಬಾರದು. ಎರಡೂ ಸಂಸಾರ ಉಣ್ಣಬೇಕು. ಆಯ್ತು ಅಂದ್ರೆ ಹಿತ್ತಿಲು ನಿಂದು. ಆಗಲಿಲ್ಲ ಅಂದ್ರೆ ವ್ಯಾನಿಗೆ. ಆಮೇಲೆ ಯಾರೂ ಗೊಣಗೋ ಹಾಗಿಲ್ಲ."

ಹೊಲಿಗೆಯಕ್ಕ ಒಪ್ಪಿದಳು. ಈಗ ನೆಲದಲ್ಲಿರುವ ಬೆಳೆ ಕೈಗೆ ಬರುವ ವಾರವೇ ಪರೀಕ್ಷೆ ಎಂದು ಮಾತಾಯಿತು. ಅಂದಿನಿಂದ ಅವಳು ಪಟ್ಟುಹಿಡಿದು ಮಾಡಿದ ಕೆಲಸವನ್ನು ಹೇಳಿ ಮುಗಿಸಲಾಗದು. ನಸುಕಿಗೇ ಎದ್ದು ಎಲೆಯ ಅಡಿಯ ಹುಳು ಹೆಕ್ಕಿದಳು, ಬಿಸಿಲೇರಿದಾಗ ಹಳೆಯ ಸೀರೆ ಕಟ್ಟಿ ನೆರಳು ಮಾಡಿದಳು, ಹೊಲಿಯುತ್ತ ಹೊಲಿಯುತ್ತ ನಡುವೆ ಎದ್ದು ಹೋಗಿ ಬುಡ ಮುಟ್ಟಿ ನೋಡಿ ಬಂದಳು. ಹಿತ್ತಿಲು ಕೈತಪ್ಪಿದರೆ ತಾನು ಮತ್ತೆ ಕಿಟಕಿಯ ಬುಡದ ಮಷೀನಿಗೇ ಮೀಸಲು ಎಂಬ ಭಯ ಅವಳಿಗಿತ್ತು.

ವಾರ ಚೆನ್ನಾಗಿಯೇ ಶುರುವಾಯಿತು. ಬೀನ್ಸು ಬಂತು, ಸೊಪ್ಪು ಬಂತು, ಬದನೆ ಬಂತು. ಮೂಗು ಮುರಿಯುತ್ತಿದ್ದ ಓರಗಿತ್ತಿ ಎರಡನೆಯ ಸಲ ಬಡಿಸಿಕೊಂಡಳು. ಕೊನೆಯ ದಿನಕ್ಕೆಂದು ದಪ್ಪ ದಪ್ಪ ಮೂಲಂಗಿಯನ್ನು ಮುಟ್ಟದೆ ಕಾದಿಟ್ಟಿದ್ದಳು. ನಡುವಾರದಲ್ಲಿ ಹೆಗ್ಗಣವೊಂದು ಗೇಟಿನ ಅಡಿಯಿಂದ ನುಗ್ಗಿ ಅಷ್ಟನ್ನೂ ಬುಡಮೇಲು ಮಾಡಿ ತಿಂದುಹಾಕಿತು. ಶುಕ್ರವಾರ ಬೇರೆ ದಾರಿಯಿಲ್ಲದೆ ಟೊಮೆಟೊವನ್ನು ಹಣ್ಣಾಗುವ ಮೊದಲೇ, ಹಸಿರು ಕಾಯಿಯಾಗಿಯೇ ಕಿತ್ತು ಬೇಯಿಸಿದ್ದಾಯಿತು. ಅಂದು ಸಂಜೆ ಅವಳು ಪಾತಿಯ ನಡುವೆ ನಿಂತು ನೋಡಿದರೆ ಹೂವು, ಎಲೆ, ಬೆರಳಿನಷ್ಟು ಎಳೆ ಬದನೆ ನಾಲ್ಕು. ಇನ್ನೊಂದೇ ಒಂದು ದಿನ ಬಾಕಿ. ರಾತ್ರಿ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಗಂಡ ಅವಳ ತಟ್ಟೆಯನ್ನೇ ನೋಡುತ್ತ ಕೂತಿದ್ದ.

ಬೆಳಗ್ಗೆ ಅವಳನ್ನು ಎಬ್ಬಿಸಿದ್ದು ಅತ್ತೆಯ ಕೂಗು.

"ಬಾರೇ, ಬೇಗ ಬಾ! ಗಿಡ ತುಂಬ ಹಣ್ಣು! ಗೆದ್ದೆ ಕಣೇ ನೀನು!"

ಅವಳು ಓಡಿದಳು. ನಿನ್ನೆ ಬೋಳಾಗಿದ್ದ ಟೊಮೆಟೊ ಗಿಡಗಳಲ್ಲಿ ಕೆಂಪು ಹಣ್ಣುಗಳು ಜೋತಾಡುತ್ತಿದ್ದವು. ಹಲ್ಲುಜ್ಜುತ್ತ ಬಂದ ಭಾವ ಬ್ರಷ್ಷನ್ನು ಬಾಯಲ್ಲೇ ಬಿಟ್ಟು ನಿಂತರು.

"ನಿನ್ನೆ ಇರಲಿಲ್ವಲ್ಲ?"

"ಎಲೆ ಮರೇಲಿ ಇತ್ತು ಅನ್ಸುತ್ತೆ," ಎಂದ ಪೇಂಟರ್ ಥಟ್ಟನೆ. "ಬೆಳಗಿನ ತಂಪಿಗೆ ಬೇಗ ಕೆಂಪಾಗುತ್ತೆ. ಗೊಬ್ಬರ ಚೆನ್ನಾಗಿತ್ತು. ಬೀಜವೂ ಒಳ್ಳೇದು." ಒಂದು ತಿಂಗಳಿಗೆ ಆಗುವಷ್ಟು ಮಾತನ್ನು ಅವನು ಒಂದೇ ಉಸಿರಿಗೆ ಖರ್ಚು ಮಾಡಿದ.

ಹೊಲಿಗೆಯಕ್ಕ ಹತ್ತಿರ ಹೋದಳು. ಹಣ್ಣುಗಳೆಲ್ಲ ಒಂದೇ ಗಾತ್ರ, ಒಂದೇ ಹೊಳಪು. ತೊಟ್ಟಿಗೆ ದಾರ, ಅವಳದೇ ಡಬ್ಬಿಯ ಹಸಿರು ದಾರ. ಬಣ್ಣದ ಕೆಲಸದವನಲ್ಲವೇ, ಗಿಡದ ಹಸಿರಿಗೆ ಸರಿಯಾಗಿ ಹೊಂದುವುದನ್ನೇ ಆರಿಸಿದ್ದ. ಗಂಟು ಮಾತ್ರ ಬಣ್ಣ ಬಳಿಯುವವರು ಹತ್ತಿ ನಿಲ್ಲುವ ಸಾರುವೆಯ ಬಿದಿರಿಗೆ ಬಿಗಿಯುವ ಜೋಡಿಗಂಟು. ಸಾಲದ್ದಕ್ಕೆ ಅವಸರದಲ್ಲಿ ಒಂದು ಟೊಮೆಟೊವನ್ನು ಪಕ್ಕದ ಬದನೆ ಗಿಡಕ್ಕೂ ಕಟ್ಟಿಬಿಟ್ಟಿದ್ದ.

ಅವಳಿಗೆ ತಡೆಯಲಾರದಷ್ಟು ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ತಿರುಗಿ ನೋಡಿದರೆ ಆ ಮನುಷ್ಯ ಇಂಗು ತಿಂದ ಮಂಗನಂತೆ ನಿಂತಿದ್ದ. ಇಷ್ಟು ಪ್ರೀತಿ ಇವನಲ್ಲಿ ಎಲ್ಲಿ ಅಡಗಿತ್ತು ಎನ್ನಿಸಿತು ಅವಳಿಗೆ.

"ಸರಿ ಬಿಡಮ್ಮ," ಎಂದರು ಭಾವ, ಬಾಯಿ ತೊಳೆದು ಬಂದು. "ಮಾತು ಅಂದ್ರೆ ಮಾತು. ಮೇಸ್ತ್ರಿಗೆ ಕಾಂಕ್ರೀಟು ಬೇಡ ಅಂತ ಹೇಳ್ತೀನಿ."

ಸುಮ್ಮನಿದ್ದರೆ ಸಾಕಿತ್ತು. ಅತ್ತೆಗೆ ಕಣ್ಣು ಮಂಜು, ಭಾವನಿಗೆ ತರಕಾರಿಯ ಗಂಧಗಾಳಿ ಇಲ್ಲ. ಬಾಯಿ ತೆರೆಯದೆ ಇದ್ದರೆ ಹಿತ್ತಿಲು ಅವಳದು. ಆಸೆ ಆಗಲಿಲ್ಲ ಎಂದರೆ ಸುಳ್ಳು. ಅವಳು ಸೊಂಟದಿಂದ ಕತ್ತರಿ ತೆಗೆದು ಒಂದೊಂದೇ ದಾರ ಕತ್ತರಿಸಿದಳು. ಹಣ್ಣುಗಳನ್ನು ಸೆರಗಿನಲ್ಲಿ ತಂದು ಅತ್ತೆಯ ಮಡಿಲಿಗೆ ಹಾಕಿದಳು.

"ಅಂಗಡಿ ಹಣ್ಣು ಅತ್ತೆ. ಇವರು ಕಟ್ಟಿದ್ದು. ನಾನು ಸೋತೆ."

ಪೇಂಟರ್ ನೆಲ ನೋಡಿದ. "ನಿನಗೋಸ್ಕರ ಕಣೇ," ಎಂದ ಮೆಲ್ಲಗೆ.

"ಗೊತ್ತು ರೀ. ಆದ್ರೆ ಬೇರೆಯವರ ಹೊಲಿಗೆಯನ್ನ ನಂದು ಅಂತ ನಾನು ಇವತ್ತಿನವರೆಗೂ ಕೊಟ್ಟಿಲ್ಲ."

ಅತ್ತೆ ದಾರ ನೇತಾಡುತ್ತಿದ್ದ ಹಣ್ಣೊಂದನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಹೆಂಗಸಲ್ಲ ಅವರು. "ಹಂಗಾದ್ರೆ ವ್ಯಾನಿಗೆ," ಎಂದರು. ಆದರೆ ಅಂದು ಅವರೂ ಸರಿಯಾಗಿ ಉಣ್ಣಲಿಲ್ಲ.

ಹೊಲಿಗೆಯಕ್ಕ ಮಷೀನಿನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಯಾರದೋ ಅಂಗಿಗೆ ತೋಳು ತಿರುಗಾಮುರುಗಾ ಹೊಲಿದಳು. ಬಿಚ್ಚಿದಳು. ಬಿಚ್ಚುವಾಗಲೇ ಏನೋ ಹೊಳೆಯಿತು. ಕಣ್ಣೊರೆಸಿಕೊಂಡು ಎದ್ದು ಸೀದಾ ವ್ಯಾನಿನ ಬಳಿ ಹೋದಳು.

"ಭಾವ, ನಿಮಗೆ ಬೇಕಾಗಿರೋದು ಜಾಗ ತಾನೆ?"

"ಹೌದಮ್ಮ."

"ಮಣ್ಣು?"

"ಮಣ್ಣು ಕಟ್ಕೊಂಡು ಏನು ಮಾಡಲಿ? ಮೇಸ್ತ್ರಿ ಹೇಗೂ ಬಾಚಿ ಆಚೆ ಎಸೀತಾನೆ."

"ಅವನಿಗ್ಯಾಕೆ ಆ ಕಷ್ಟ?" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಪೇಂಟರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ತನ್ನ ಕೆಲಸದ ಸಾಮಾನಿಡುವ ಗೋದಾಮಿನಲ್ಲಿದ್ದ ಬಣ್ಣದ ಖಾಲಿ ಬಕೆಟುಗಳನ್ನೆಲ್ಲ ತಂದ. ಹಳೆಯ ಬಣ್ಣವನ್ನು ಕೆರೆದು ಕೆರೆದು ತೆಗೆದು, ಮೂರು ನೀರಿನಲ್ಲಿ ತೊಳೆದು, ಕಾಸಿದ ಸಲಾಕೆಯಿಂದ ತಳಕ್ಕೆ ತೂತು ಹಾಕಿದ. ಬಕೆಟುಗಳನ್ನು ಇಡಲು ಮನೆಯ ತಾರಸಿಯ ಮೇಲೆ, ಭಾರ ತಡೆಯಲೆಂದು ಕೆಳಗೆ ಗೋಡೆ ಇರುವ ಸಾಲಿಗೇ ಗುರುತು ಹಾಕಿಕೊಟ್ಟ. ಅವಳು ಗುದ್ದಲಿಯಿಂದ ಬಗೆದು ತುಂಬಿದಳು, ಇಬ್ಬರೂ ಹೊತ್ತರು. ಇಳಿದರು, ಮತ್ತೆ ಹೊತ್ತರು. ಅಂದು ಮುಗಿಯಲಿಲ್ಲ, ಮರುದಿನವೂ ಮುಗಿಯಲಿಲ್ಲ. ಹಿಡಿದುಕೊಂಡಿದ್ದ ಸೊಂಟ ಬಿಟ್ಟುಕೊಂಡಿತೋ, ಪೂರ್ತಿ ಹಿಡಿದುಕೊಂಡಿತೋ ಅವಳಿಗೆ ತಿಳಿಯದಷ್ಟು ದಣಿವು. ನಾಳೆ ಹೊರೋಣ ಎಂದು ಗಂಡ ಅಂದರೆ, ಮೇಸ್ತ್ರಿ ನಾಳೆಯೇ ಬರುವುದು ಎಂದಳು.

ಮೇಸ್ತ್ರಿ ಬಂದ ಬೆಳಗ್ಗೆ ಭಾವ ಅವನನ್ನು ಕರೆದುಕೊಂಡು ಹಿತ್ತಿಲಿಗೆ ಬಂದು ತಬ್ಬಿಬ್ಬಾದರು. ಹಿತ್ತಿಲು ಇರಬೇಕಾದಲ್ಲಿ ಗುಂಡಿ ಇತ್ತು. ಭಾವ ಚಪ್ಪಲಿ ಬಿಟ್ಟು ಅದರೊಳಗೆ ಇಳಿದರು. ನೆಲದ ಅಂಚು ಅವರ ಮೊಣಕಾಲಿನ ಮೇಲಕ್ಕೆ ಬಂತು. ಕಾಲ ಕೆಳಗೆ ಗಟ್ಟಿ ಹಳದಿ ನೆಲ. ಹಿಮ್ಮಡಿಯಿಂದ ಒದ್ದರೆ ಒಂದು ಚೂರೂ ಅಲುಗಲಿಲ್ಲ. ಸುತ್ತ ಒಮ್ಮೆ ನೋಡಿದರು, ಈ ಗೋಡೆಯಿಂದ ಆ ಗೋಡೆಯವರೆಗೆ.

ಹೊಲಿಗೆಯಕ್ಕ ಮೂಲೆಯಲ್ಲಿ ಉಳಿದದ್ದನ್ನು ಬರಿಗೈಯಿಂದ ಬಕೆಟಿಗೆ ಬಾಚುತ್ತಿದ್ದಳು.

"ಇಷ್ಟೂ ಮಣ್ಣು..." ಎಂದರು ಭಾವ. "ಇದು ಮೊದಲಿಂದ ಇಲ್ಲೇ ಇತ್ತು ಅಂದ್ಕೊಂಡಿದ್ದೆ ಕಣಮ್ಮ."

"ಇಲ್ಲ ಭಾವ. ಮೊದಲಿಂದ ಇದ್ದಿದ್ದು ನೀವು ನಿಂತಿದ್ದೀರಲ್ಲ, ಅದು."

ಅವಳು ಬಕೆಟನ್ನು ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲ ಕಡೆ ನಡೆದಳು. ಬಿಸಿಲೇರುವ ಮೊದಲು ಮೇಲೆ ನೀರು ಹಾಕಬೇಕಿತ್ತು.