ಟಕಟಕ ಗಾಡಿ ಮತ್ತು ಮಾನ್ವೆಲ್‌ನ ಬೋರ್ಡು

ತೇರಗಾಂವದ ಮಾನ್ವೆಲ್ ಸಿದ್ದಿಯ ಗ್ಯಾರೇಜಿನ ಮೇಲೆ ಒಂದು ತಗಡಿನ ಬೋರ್ಡು ಇತ್ತು. ಲೋಕದ ಅಂಗಡಿಗಳೆಲ್ಲ ‘ಮತ್ತೆ ಬನ್ನಿ’ ಎಂದು ಬರೆಸಿಕೊಂಡರೆ ಈ ಪುಣ್ಯಾತ್ಮ ಕೆಂಪು ಬಣ್ಣದಲ್ಲಿ ‘ಮತ್ತೆ ಬರಬೇಡಿ’ ಎಂದು ಬರೆಸಿದ್ದ. ಸೊಕ್ಕು ಅಂದುಕೊಂಡಿರಾ? ಹೌದು, ಸ್ವಲ್ಪ ಸೊಕ್ಕೇ. ಇಪ್ಪತ್ತಾರು ವರ್ಷಗಳಲ್ಲಿ ಅವನ ಕೈಯಿಂದ ರಿಪೇರಿಯಾದ ಒಂದು ಗಾಡಿಯೂ ಅದೇ ಕಾಯಿಲೆ ಹೊತ್ತು ಎರಡನೇ ಸಲ ಬಾಗಿಲಿಗೆ ಬಂದಿರಲಿಲ್ಲ. ಗಿರಾಕಿಗಳು ಕೂರಲು ಅವನು ಒಂದು ಸ್ಟೂಲನ್ನೂ ಇಟ್ಟಿರಲಿಲ್ಲ. ಕೂರಲು ಜಾಗ ಕೊಟ್ಟರೆ ಜನ ಗಾಡಿ ಕೆಡಿಸಿಕೊಂಡು ಬರುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ ಎಂಬುದು ಅವನ ವಾದ.

ಅವನಿಗೆ ನಂಬಿಕೆ ಇದ್ದದ್ದು ತನ್ನ ಕಿವಿಯ ಮೇಲೆ. ಸಿದ್ದಿಯರ ಕೂಟಗಳಲ್ಲಿ ಡಮಾಮಿ ಡೋಲು ಬಾರಿಸುವವನು ಅವನೇ. ಚರ್ಮದ ಬಿಗಿತ ಕೂದಲೆಳೆಯಷ್ಟು ಸಡಿಲವಾದರೂ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಅದೇ ಕಿವಿಯನ್ನು ಗ್ಯಾರೇಜಿಗೂ ತಂದಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ರೋಗ ಹಿಡಿದಂತೆಯೇ ಲೆಕ್ಕ.

ಅಂಥವನ ಮುಂದೆ ಒಂದು ಮಂಗಳವಾರ ಚಿಗಳ್ಳಿಯ ಥಾವರೆಪ್ಪನ ಹಳೆಯ ಜೀಪು ಟಕಟಕ ಎನ್ನುತ್ತಾ ಬಂದು ನಿಂತಿತು. ಥಾವರೆಪ್ಪ ತನ್ನ ಹೊಲದ ಮೂಲಂಗಿ, ಕೊತ್ತಂಬರಿಯನ್ನು ಅದರಲ್ಲಿ ಹೇರಿಕೊಂಡು ಟಿಬೆಟನ್ ಕಾಲೊನಿಗೆ ಹಾಕುವವನು. ಮಗಳು ಕಾಜಲ್‌ಳನ್ನು ಹಳಿಯಾಳದ ಹತ್ತಿರದ ತಾಂಡಾಕ್ಕೆ ಕೊಟ್ಟಿದ್ದರಿಂದ ವಾರಕ್ಕೊಮ್ಮೆ ಈ ಕಡೆಗೂ ಸವಾರಿ. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಗೋಪಿಬಾಯಿ. ಗಾಡಿ ಓಡಿಸುವವನು ಥಾವರೆಪ್ಪ, ಗಂಡನನ್ನೂ ಸೇರಿಸಿ ಎಲ್ಲವನ್ನೂ ಓಡಿಸುವವಳು ಗೋಪಿಬಾಯಿ.

“ಈ ಸದ್ದಿಗೆ ನನ್ನ ತಲಿ ಕೆಟ್ಟೈತ್ರಿ ಮಿಸ್ತ್ರಿ. ಬ್ಯಾರೆ ಕಡೆ ಎರಡು ಸಲ ಮಾಡಿಸೇವಿ, ಮತ್ತ ಅದೇ ಹಾಡು,” ಎಂದಳು.

ಎಂಜಿನ್ನಿಗೆ ಗಾಳಿ ಒಳಬರಲು, ಹೊಗೆ ಹೊರಹೋಗಲು ವಾಲ್ವುಗಳೆಂಬ ಪುಟ್ಟ ಬಾಗಿಲುಗಳಿರುತ್ತವೆ. ಆ ಬಾಗಿಲುಗಳನ್ನು ತಳ್ಳಿ ತೆರೆಯುವ ಕಬ್ಬಿಣದ ತುಂಡುಗಳೇ ಟ್ಯಾಪೆಟ್ಟುಗಳು. ಈ ಜೀಪಿನವು ಎಣ್ಣೆ ಕುಡಿಯುವ ಜಾತಿಯವು. ಹೊಟ್ಟೆ ತುಂಬ ಎಣ್ಣೆ ತುಂಬಿಕೊಂಡು, ನಡುವಿನ ಸಂದನ್ನು ತಾವೇ ಮುಚ್ಚಿಕೊಂಡು, ತುಟಿಪಿಟಕ್ಕೆನ್ನದೆ ದುಡಿಯಬೇಕು. ಎಣ್ಣೆಯ ದಾರಿ ಸವೆದರೆ ಹಸಿದು ಗಲಾಟೆ ಶುರು. ಇಲ್ಲಿ ದಾರಿಯೇ ಸವೆದಿದ್ದರಿಂದ ಎಷ್ಟು ಸಲ ಹೊಸ ಟ್ಯಾಪೆಟ್ಟು ಹಾಕಿದರೂ ಫಲವಿರಲಿಲ್ಲ.

“ಎಣ್ಣಿ ಟ್ಯಾಪೆಟ್ ತಗದು ಒಗಿಯೂಣು. ಗಟ್ಟಿ ಟ್ಯಾಪೆಟ್ ಹಾಕ್ತೇನಿ. ಎಣ್ಣಿಯ ಹಂಗು ಬ್ಯಾಡ,” ಎಂದ ಮಾನ್ವೆಲ್. ಹಳಿಯಾಳದ ಗುಜರಿಯಲ್ಲಿ ಅದೇ ಎಂಜಿನ್ನಿನ ಹಿಂದಿನ ಮಾದರಿಯೊಂದು ಬಿದ್ದಿತ್ತು. ಅದರ ಟ್ಯಾಪೆಟ್ಟು, ಅದಕ್ಕೆ ಹೊಂದುವ ಕ್ಯಾಮ್ ಶಾಫ್ಟು, ಸರಳುಗಳು, ತಿರುಗಿಸಿ ಸಂದು ಹೊಂದಿಸುವ ಸ್ಕ್ರೂಗಳು, ಎಲ್ಲವನ್ನೂ ಬಿಚ್ಚಿ ತಂದು ನಾಲ್ಕು ದಿನ ಕೂತು ಕೂಡಿಸಿದ. ಅಳತೆಯ ಉಕ್ಕಿನ ಪಟ್ಟಿ ತೂರಿಸಿ ಎಂಟೂ ವಾಲ್ವಿಗೆ ಸರಿಯಾದ ಸಂದು ಬಿಟ್ಟ. ಜೀಪು ಎತ್ತಿನಂತೆ ಎಳೆಯಿತು.

ಮುಂದಿನ ವಾರ ಜೀಪು ಮತ್ತೆ ಬಾಗಿಲಿಗೆ ಬಂತು.

“ಗಾಡಿ ಛಲೋ ಎಳಿತೈತಿ. ಖರೆ, ಟಕಟಕ ಐತಲ್ರೀ,” ಎಂದಳು ಗೋಪಿಬಾಯಿ. ಎಂದವಳು ತಲೆಯೆತ್ತಿ ಬೋರ್ಡಿನ ಮೇಲೆ ಒಮ್ಮೆ ಕಣ್ಣಾಡಿಸಿದಳು. ಬಾಯಿಬಿಟ್ಟು ಬಯ್ದಿದ್ದರೇ ವಾಸಿಯಿತ್ತು.

ಗಟ್ಟಿ ಟ್ಯಾಪೆಟ್ಟಿಗೆ ಸಂದು ಬೇಕು, ಸಂದಿದ್ದರೆ ಸದ್ದು ಇದ್ದದ್ದೇ. ಇದು ಮಾನ್ವೆಲ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಇಪ್ಪತ್ತಾರು ವರ್ಷಗಳ ಬೋರ್ಡು ತಲೆಯ ಮೇಲೆ ನೇತಾಡುವಾಗ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಅಳತೆಯ ಪಟ್ಟಿಯನ್ನು ಮೂಲೆಗೆ ಎಸೆದು, ತಣ್ಣಗಿದ್ದ ಎಂಜಿನ್ನನ್ನು ಡಮಾಮಿಯ ಹಾಗೆ ಕಿವಿಯಿಂದಲೇ ಬಿಗಿಯತೊಡಗಿದ. ಒಂದೊಂದು ಸ್ಕ್ರೂವನ್ನೂ ಚೂರು ಚೂರೇ ತಿರುಗಿಸಿ ಎಂಟು ಬಾಯಿಗಳನ್ನೂ ಮುಚ್ಚಿಸಿದ. ಜೀಪು ಬೆಕ್ಕಿನಂತೆ ಸದ್ದಿಲ್ಲದೆ ಹೊರಟುಹೋಯಿತು. ಮಾನ್ವೆಲ್ ಆ ದಿನ ಎರಡು ಕಪ್ ಚಹಾ ಜಾಸ್ತಿ ಕುಡಿದ.

ಮೂರನೇ ದಿನ ಥಾವರೆಪ್ಪನ ಫೋನು ಬಂತು. ತಣ್ಣಗಿದ್ದಾಗ ಗಾಡಿ ಸರಿ, ಹತ್ತು ಕಿಲೋಮೀಟರು ಓಡಿ ಕಾದರೆ ಕೆಮ್ಮುತ್ತದೆ. ಇವತ್ತಂತೂ ಕಾಲೊನಿಯ ಏರಿನಲ್ಲಿ ಮೂಲಂಗಿ ಹೊತ್ತು ನಿಂತೇ ಬಿಟ್ಟಿತಂತೆ. ಅಲ್ಲಿನ ಮಠದ ಭಿಕ್ಷುಗಳು ಬಂದು ನೂಕಿದರಂತೆ.

ಮಾನ್ವೆಲ್ ಊಟ ಬಿಟ್ಟು ಕೂತ. ಹೆಂಡತಿ ತುಳಸಾ ಕಾರಣ ಕೇಳಿದಳು. ಅವನು ಬಿಗಿದ ಕಥೆಯನ್ನೆಲ್ಲ ಹೇಳಿದ. ಆಕೆಗೆ ಎಂಜಿನ್ನಿನ ಗಂಧಗಾಳಿ ಗೊತ್ತಿಲ್ಲ, ಆದರೆ ಮೂವತ್ತು ವರ್ಷ ಡಮಾಮಿಯವನ ಜೊತೆ ಬಾಳಿದವಳು.

“ಡಮಾಮಿ ಬಾರಿಸೂ ಮೊದಲು ಬೆಂಕಿಗೆ ಯಾಕ ಹಿಡಿತೀರಿ?” ಎಂದು ಕೇಳಿದಳು.

“ಕಾದ ಮ್ಯಾಲ ಚರ್ಮ ಬಿಗಿತೈತಿ. ಅದಕ್ಕ.”

“ಮತ್ತ ಕಬ್ಬಿಣಕ್ಕ ಬಿಸಿ ಹತ್ತೂದಿಲ್ಲೇನ್ರಿ? ತಣ್ಣಗಿದ್ದಾಗನ ಪೂರಾ ಬಿಗದ್ರ, ಕಾದ ಮ್ಯಾಲ ಅದು ಎಲ್ಲಿಗೆ ಹೋಗಬೇಕು?”

ಮಾನ್ವೆಲ್‌ನ ಮುಖ ಕೆಂಪಾಗುವ ಜಾತಿಯದಲ್ಲ, ಆದರೂ ಕಿವಿ ಬಿಸಿಯಾದವು. ಕಾದ ಕಬ್ಬಿಣ ಹಿಗ್ಗಿದೆ, ಹಿಗ್ಗಲು ಸಂದಿಲ್ಲ, ಬಾಗಿಲುಗಳು ಪೂರ್ತಿ ಮುಚ್ಚಿಕೊಳ್ಳದೆ ಎಂಜಿನ್ನಿನ ಉಸಿರು ಸೋರಿದೆ. ಗ್ಯಾರೇಜಿಗೆ ಕಾಲಿಟ್ಟ ಮೊದಲ ತಿಂಗಳಲ್ಲೇ ಕಲಿಯುವ ಪಾಠ ಇದು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಜೀಪನ್ನು ಎಳೆತರಿಸಿ ಬಿಚ್ಚಿದ. ಪುಣ್ಯಕ್ಕೆ ವಾಲ್ವುಗಳ ಅಂಚು ಸುಡಲು ಈಗಷ್ಟೇ ಶುರುವಾಗಿತ್ತು. ಉಜ್ಜಿ ಕೂಡಿಸಿ, ಪಟ್ಟಿ ಹಿಡಿದು ಸಂದು ಬಿಟ್ಟ. ಜೀಪು ಟಕಟಕ ಎಂದಿತು. ಗೋಪಿಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಕ್ಕಾರ, ತಪ್ಪು ಗಾಡಿದಲ್ಲ, ನಂದು,” ಎಂದ ಮಾನ್ವೆಲ್. “ನೀವು ಬಯ್ಯಬಾರ್ದು ಅಂತ ಅದರ ಬಾಯಿ ಮುಚ್ಚಿಸಿದೆ. ಈ ಗಟ್ಟಿ ಟ್ಯಾಪೆಟ್ ಮಾತಾಡ್ತಾ ಇರಬೇಕ್ರಿ. ಸುಮ್ನಾತಂದ್ರ ಕೆಟ್ಟೈತಿ ಅಂತ ತಿಳೀರಿ. ಆವಾಗ...” ಅವನ ಕಣ್ಣು ಬೋರ್ಡಿನ ಕಡೆ ಹೋಯಿತು.

“ಆವಾಗ?”

“ಮತ್ತ ಬರ್ರಿ.”

ಗೋಪಿಬಾಯಿ ಬೋರ್ಡು ನೋಡಿದಳು, ಅವನನ್ನು ನೋಡಿದಳು. ಥಾವರೆಪ್ಪ ನಗು ತಡೆಯಲಾರದೆ ಜೀಪಿನ ಹಿಂದೆ ಹೋಗಿ ನಿಂತ.

ಆಮೇಲೆ ಏಳು ತಿಂಗಳು ಸುದ್ದಿಯಿಲ್ಲ. ಕಾಲೊನಿಯ ಮಠದ ಅಡುಗೆಯವರು ಹಾರ್ನಿಗೂ ಕಾಯದೆ, ಟಕಟಕ ಕೇಳಿದ ಕೂಡಲೇ ಬುಟ್ಟಿ ಹಿಡಿದು ಹೊರಬರುತ್ತಾರೆಂದು ಯಾರೋ ಹೇಳಿದರು. ಒಂದು ಬೆಳಿಗ್ಗೆ ಅದೇ ಜೀಪು ಬಂತು. ಗೋಪಿಬಾಯಿ ಇಳಿದವಳೇ ಬಾನೆಟ್ಟಿಗೆ ಬೆರಳು ತೋರಿಸಿದಳು.

“ಎಂಟರಾಗ ಒಂದು ಸುಮ್ನಾಗೇತ್ರಿ. ತಾಳ ತಪ್ಪೇತಿ.”

“ನನಗ ಹಂಗೇನೂ ಕೇಳ್ವಲ್ದು,” ಎಂದ ಥಾವರೆಪ್ಪ.

ಮಾನ್ವೆಲ್ ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿ ಆಲಿಸಿದ. ಅವನಿಗೂ ಎಲ್ಲ ಸರಿಯಾಗಿಯೇ ಕೇಳಿಸಿತು. ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಪಟ್ಟಿ ತೂರಿಸುತ್ತಾ ಹೋದ. ಏಳರಲ್ಲಿ ಸರಾಗವಾಗಿ ಆಡಿತು, ಆರನೆಯ ವಾಲ್ವಿನಲ್ಲಿ ಮಾತ್ರ ಪಟ್ಟಿಯ ತುದಿಯೂ ಒಳಗೆ ಹೋಗಲಿಲ್ಲ. ವಾಲ್ವು ಕೂರುವ ಜಾಗ ಸವೆದು, ವಾಲ್ವು ಮೇಲೆ ಸರಿದು ಸಂದು ಮುಚ್ಚಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಅದು ಸುಟ್ಟೇ ಹೋಗುತ್ತಿತ್ತು. ಇಪ್ಪತ್ತಾರು ವರ್ಷಗಳ ಕಿವಿಗೆ ಸಿಗದ್ದು ಏಳು ತಿಂಗಳ ಕಿವಿಗೆ ಸಿಕ್ಕಿತ್ತು. ಹೊಟ್ಟೆಕಿಚ್ಚು ಆಗಬೇಕಿತ್ತು. ಆಗಿದ್ದು ಸಂತೋಷ.

ಅವನು ಸ್ಪ್ಯಾನರ್ ಕೆಳಗಿಟ್ಟು, ಏಣಿ ಹಾಕಿ ಹತ್ತಿ ಬೋರ್ಡಿನ ನಟ್ಟು ಬಿಚ್ಚಿದ. ಎರಡು ಖಾಲಿ ಎಣ್ಣೆ ಡಬ್ಬಿಗಳನ್ನು ಬಾಗಿಲ ಬಳಿ ನಿಲ್ಲಿಸಿ, ಬೋರ್ಡನ್ನು ಅಕ್ಷರ ಕೆಳಗಾಗಿ ಅವುಗಳ ಮೇಲೆ ಹಾಸಿ, ಬಟ್ಟೆಯಿಂದ ಒರೆಸಿದ.

“ಕೂಡ್ರಿ ಅಕ್ಕಾರ,” ಎಂದ. “ಆರನೇದ್ದನ್ನ ಹೊಂದಿಸಿ ಎಂಜಿನ್ ಚಾಲೂ ಮಾಡ್ತೇನಿ. ಸರಿ ಆತೋ ಇಲ್ಲೋ ನೀವ ಹೇಳ್ರಿ.”

ಗೋಪಿಬಾಯಿ ಸೆರಗು ಸರಿಮಾಡಿಕೊಂಡು ಬೋರ್ಡಿನ ಮೇಲೆ ಕೂತು, ಕಣ್ಣು ಮುಚ್ಚಿದಳು.