ಮೊದಲ ಬಸ್ಸಿನ ತಲೆಲೆಕ್ಕ

ಬೆಳಗಿನ ಜಾವ ನಾಲ್ಕು ಮುಕ್ಕಾಲು. ಡಿಪೋದ ಗೇಟು ದಾಟಿದ ಬಸ್ಸು ಮೊದಲ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ಬಾಗಿಲ ಪಕ್ಕದ ಒಂಟಿ ಸೀಟಿನಲ್ಲಿ ಐವತ್ತಾರರ ಹೆಂಗಸೊಬ್ಬರು ಸ್ವೆಟರ್ ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ರಟ್ಟಿನ ಮೇಲೆ ಹಾಳೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಒಬ್ಬರು ಹತ್ತಿದರೆ ಪೆನ್ಸಿಲ್ಲಿನಿಂದ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡಗೀಟು. ಆಸ್ಪತ್ರೆಯ ನೆಲ ಒರೆಸುವವರು, ಕಚೇರಿಗಳ ಕಸ ಗುಡಿಸುವವರು, ಹಾಸ್ಟೆಲ್ಲಿನ ಪಾತ್ರೆ ತೊಳೆಯುವವರು ಹತ್ತುತ್ತಿದ್ದಾರೆ, ಹೆಚ್ಚಿನವರು ಹೆಂಗಸರೇ. ಹಾಳೆ ಹಿಡಿದು ಕೂತ ಇವರನ್ನು ನೋಡಿ ಯಾರೂ ನಗುವುದಿಲ್ಲ. ಕೆಲವರಂತೂ ಮುಖ ತಿರುಗಿಸಿಕೊಂಡೇ ಒಳಗೆ ಹೋಗುತ್ತಾರೆ.

ಇವತ್ತು ಎಣಿಕೆಯ ಮೂವತ್ತನೆಯ ದಿನ. ನಾಳೆಯಿಂದ ಎಣಿಸುವುದಕ್ಕೆ ಬಸ್ಸೇ ಇಲ್ಲ.

ಈ ಹೆಂಗಸು ಕಂಡಕ್ಟರಲ್ಲ, ಚೆಕಿಂಗಿನವರೂ ಅಲ್ಲ. ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಅನುದಾನ ಮತ್ತು ಬಜೆಟ್ ವಿಭಾಗದ ಅಧಿಕಾರಿ. ವಿಭಾಗ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಮೂರನೇ ಮಹಡಿಯ ಮೂಲೆಯ ಕೋಣೆ, ಎರಡು ಮೇಜು, ಕಾಲು ಮುರಿದು ಇಟ್ಟಿಗೆಯ ಮೇಲೆ ನಿಂತ ಬೀರು, ಇವರು, ಮತ್ತೆ ವಾರಕ್ಕೆ ಮೂರು ದಿನ ಬರುವ ಒಬ್ಬ ಗುಮಾಸ್ತರು. ಕಚೇರಿಯಲ್ಲಿ ಇವರಿಗೆ 'ಕತ್ತರಿ ಮೇಡಂ' ಎಂದೇ ಹೆಸರು. ಯಾರು ಏನು ಖರ್ಚು ಕೇಳಿದರೂ ಕತ್ತರಿಸುತ್ತಾರಂತೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಕತ್ತರಿ.

"ಗೊತ್ತು, ನನ್ನ ಕಿವಿಗೂ ಬಿದ್ದಿದೆ," ಅನ್ನುತ್ತಾರೆ. "ಕತ್ತರಿಸದೆ ಏನ್ಮಾಡ್ಲಿ ಹೇಳಿ? ಕೊಡೋಕೆ ನಮ್ಮಪ್ಪನ ಮನೆ ದುಡ್ಡಾ?"

ಟಿಕೆಟ್ಟಿನ ದುಡ್ಡಿನಲ್ಲೇ ಬಸ್ಸು ಓಡುತ್ತದೆ ಎಂದು ನಂಬಿಕೊಂಡವರು ನಾವೆಲ್ಲ. ಈ ಸಂಸ್ಥೆಯಲ್ಲಿ ಟಿಕೆಟ್ಟು ಅರ್ಧ ಖರ್ಚನ್ನೂ ತೂಗಿಸುವುದಿಲ್ಲ. ಉಳಿದದ್ದು ಸರ್ಕಾರದಿಂದ ಅನುದಾನವಾಗಿ ಬರಬೇಕು, ಅದೂ ಹತ್ತೊಂಬತ್ತು ಬೇರೆ ಬೇರೆ ಬಾಗಿಲುಗಳಿಂದ. ಹತ್ತೊಂಬತ್ತಕ್ಕೂ ಬೇರೆ ಬೇರೆ ಖಾತೆ, ಬೇರೆ ಬೇರೆ ನಮೂನೆ, ಬೇರೆ ಬೇರೆ ಗಡುವು. ಕೊಟ್ಟ ದುಡ್ಡನ್ನು ಕೊಟ್ಟ ಕೆಲಸಕ್ಕೇ ಬಳಸಿದ್ದೇವೆ ಎಂದು ಬರೆದು ಕಳಿಸಿದರೆ ಮಾತ್ರ ಮುಂದಿನ ಕಂತು. ವರ್ಷಕ್ಕೆ ಇನ್ನೂರಕ್ಕೂ ಮಿಕ್ಕಿ ಇಂಥ ಪತ್ರಗಳು ಈ ಮೂಲೆಯ ಕೋಣೆಯಿಂದ ಹೊರಡುತ್ತವೆ.

"ಛತ್ರಿಗೆ ಅಂತ ಕೊಟ್ಟಿದ್ರಲ್ಲಿ ಔಷಧಿ ತರೋ ಹಾಗಿಲ್ಲ. ಮನೇಲಿ ಕಾಯಿಲೆ ಬಿದ್ದೋರಿದ್ರೂ ಛತ್ರೀನೇ ತರಬೇಕು. ಇಷ್ಟೇ ನೋಡಿ ನಮ್ಮ ಕೆಲಸ."

ಹಾಗೆ ತಂದ ಛತ್ರಿಗಳನ್ನು ನೋಡಬೇಕೆಂದರೆ ಡಿಪೋದ ಹಿಂಬದಿಗೆ ಹೋಗಬೇಕು. ಮೂವತ್ತು ಹೊಸ ಬಸ್ಸುಗಳು ಸಾಲಾಗಿ ನಿಂತಿವೆ, ಸೀಟಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿಲ್ಲ. ಬಸ್ಸು ಕೊಳ್ಳುವುದಕ್ಕೆ ಅನುದಾನ ಬಂತು, ಡ್ರೈವರುಗಳ ಸಂಬಳಕ್ಕೆ ಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಬೇಡ, ಮೊದಲು ಡ್ರೈವರುಗಳನ್ನು ಕೇಳೋಣ ಎಂದು ಕತ್ತರಿ ಮೇಡಂ ಮೂರು ಪುಟದ ಟಿಪ್ಪಣಿ ಬರೆದಿದ್ದರು. 'ನೋಡಲಾಗಿದೆ' ಎಂಬ ಒಂದೇ ಪದ ಹೊತ್ತುಕೊಂಡು ಅದು ವಾಪಸ್ಸು ಬಂತು.

ಈ ಮೊದಲ ಬಸ್ಸಿನ ಕಥೆ ಹನ್ನೊಂದು ವರ್ಷ ಹಿಂದಿನದು. ಆಗ ಇವರು ವಿಭಾಗಕ್ಕೆ ಹೊಸಬರು. ನಷ್ಟದ ಟ್ರಿಪ್ಪುಗಳ ಪಟ್ಟಿ ಮಾಡಿ ಎಂದು ಮೇಲಿನವರು ಹೇಳಿದರು. ಟಿಕೆಟ್ ಮಷೀನಿನ ಲೆಕ್ಕ ತೆಗೆದರೆ ಈ ಟ್ರಿಪ್ಪಿನಲ್ಲಿ ದಿನಕ್ಕೆ ಐದೋ ಆರೋ ಟಿಕೆಟ್ಟು. ಆರು ಜನರಿಗೆ ಒಂದು ಬಸ್ಸೇ? ಒಂದು ಕೆಂಪು ಗೀಟು ಎಳೆದರು, ಬಸ್ಸು ನಿಂತಿತು. ಮೇಲಿನವರು ಶಹಬ್ಬಾಸ್ ಅಂದರು. ಕತ್ತರಿ ಎಂಬ ಹೆಸರು ಬಿದ್ದಿದ್ದೂ ಆಗಲೇ.

ನಾಲ್ಕು ತಿಂಗಳ ಮೇಲೆ, ತಮ್ಮದೇ ಕಚೇರಿಯ ನೆಲ ಒರೆಸುವ ಹೆಂಗಸು ದಿನಾ ತಡವಾಗಿ ಬರುತ್ತಿದ್ದಾಳೆಂದು ಇವರೇ ಗದರಿಸಿದರು. ಆಕೆ ಬಕೆಟ್ಟು ಕೆಳಗಿಟ್ಟು ಹೇಳಿದ ಮಾತನ್ನು ಇವರು ಇವತ್ತಿಗೂ ಅಕ್ಷರ ಬಿಡದೆ ಒಪ್ಪಿಸುತ್ತಾರೆ: "ಬಸ್ಸು ನಿಲ್ಸಿದ್ರಲ್ಲಮ್ಮ, ನಡ್ಕೊಂಡು ಬರ್ತೀನಿ. ಒಂದೂವರೆ ಗಂಟೆ ದಾರಿ. ನಲವತ್ತು ಜನ ಹೋಗ್ತಿದ್ವಿ ಅದ್ರಲ್ಲಿ."

"ನಲವತ್ತೆಲ್ಲಿ, ಮಷೀನಲ್ಲಿ ಆರೇ ಟಿಕೆಟ್ ಇರೋದು ಅಂದೆ. ಅವಳು ನನ್ನ ಮುಖಾನೇ ನೋಡಿದ್ಳು. 'ಪಾಸ್ ಇರೋರು ಟಿಕೆಟ್ ಯಾಕಮ್ಮ ತಗೋತಾರೆ?' ಅಂದ್ಳು."

ಆ ಕ್ಷಣವನ್ನು ಹೇಳುವಾಗ ಇವರ ಕುತ್ತಿಗೆ ಕೆಂಪಗಾಗುತ್ತದೆ. ಪಾಸು ತೋರಿಸಿದವರಿಗೆ ಕಂಡಕ್ಟರ್ ಟಿಕೆಟ್ ಹರಿಯುವುದಿಲ್ಲ. ಹರಿಯದ ಟಿಕೆಟ್ಟು ಮಷೀನಿಗೆ ಗೊತ್ತಿಲ್ಲ. ಮಷೀನಿಗೆ ಗೊತ್ತಿಲ್ಲದವರು ಕಚೇರಿಗೂ ಗೊತ್ತಿಲ್ಲ. ಬಸ್ಸು ಹತ್ತುವ ಯಾವ ಮಗುವಿಗೂ ತಿಳಿದಿರುವ ಈ ಸಂಗತಿ, ಮೂರನೇ ಮಹಡಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾಡಿದ ತಪ್ಪನ್ನು ಒಪ್ಪಿ ಬರೆದುಕೊಟ್ಟರೆ ಮೇಲಿನವರು ಕೇಳಬೇಕಲ್ಲ! ನಿಂತದ್ದು ನಿಂತೇಹೋಯಿತು ಅಂದರು. ಆಗ ಇವರು ಕಡತಗಳ ರಾಶಿಯನ್ನೆಲ್ಲ ಜಾಲಾಡಿ, ದುಡಿಯುವ ಹೆಂಗಸರ ಪ್ರಯಾಣಕ್ಕೆಂದು ಸರ್ಕಾರ ಇಟ್ಟಿದ್ದ ಚಿಕ್ಕದೊಂದು ಅನುದಾನವನ್ನು ಹುಡುಕಿ ತೆಗೆದರು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಮುಖ್ಯ ಷರತ್ತು: ವರ್ಷಕ್ಕೊಮ್ಮೆ ಸತತ ಮೂವತ್ತು ದಿನ ಅಧಿಕಾರಿಯೇ ಖುದ್ದು ಬಸ್ಸಿನಲ್ಲಿ ಕೂತು ತಲೆ ಎಣಿಸಬೇಕು. ಬಸ್ಸು ಮತ್ತೆ ಹೊರಟಿತು. ಹನ್ನೊಂದು ವರ್ಷದಿಂದ ಈ ಒಂದು ತಿಂಗಳು ಕತ್ತರಿ ಮೇಡಂ ಮೂರೂವರೆಗೆ ಎದ್ದು, ಗಂಡನ ಸ್ಕೂಟರಿನ ಹಿಂದೆ ಕೂತು ಡಿಪೋಗೆ ಬರುತ್ತಾರೆ. ಇದಕ್ಕೆ ಭತ್ಯೆಯೂ ಇಲ್ಲ, ರಜೆಯೂ ಇಲ್ಲ. ಹತ್ತು ಗಂಟೆಗೆ ಕಚೇರಿಯ ಹಾಜರಿ ತಪ್ಪುವ ಹಾಗೂ ಇಲ್ಲ.

ಮನೆಯಲ್ಲಿ ಇದಕ್ಕೆ ಮೆಚ್ಚುಗೆ ಇದೆ ಎಂದೇನೂ ತಿಳಿಯಬೇಡಿ. ಎಂಬತ್ತು ದಾಟಿದ ಅತ್ತೆಯ ನಾಲಿಗೆ ಇನ್ನೂ ಚುರುಕು. "ನನ್ನ ಸೊಸೆ ಊರೋರ ತಲೆಯೆಲ್ಲ ಎಣಿಸ್ತಾಳೆ. ಮನೇಲಿರೋ ಮೂರು ತಲೆ ಉಂಡಿದ್ಯೋ ಇಲ್ವೋ ಅಂತ ಕೇಳೋಕೆ ಪುರುಸೊತ್ತಿಲ್ಲ," ಅನ್ನುತ್ತಾರೆ, ಸೊಸೆಗೆ ಕೇಳಿಸುವ ಹಾಗೆಯೇ. ಸೊಸೆ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾರೆ: "ಅತ್ತೆ, ನಿಮ್ಮ ತಲೆ ಒಂದೇ ನಾಲ್ಕಕ್ಕೆ ಸಮ."

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಬಸ್ಸು ಈ ಸಲ ನಿಲ್ಲುತ್ತಿರುವುದು ಒಂದು ಸಹಿಗಾಗಿ. ಈ ವರ್ಷದ ಮೊದಲ ಎಣಿಕೆ ಮುಗಿಸಿ, ಗಡುವಿಗೆ ಹನ್ನೆರಡು ದಿನ ಮೊದಲೇ ಇವರು ಫೈಲನ್ನು ದೊಡ್ಡ ಸಾಹೇಬರ ಮೇಜಿಗೆ ಕಳಿಸಿದ್ದರು. ಸಾಹೇಬರಿಗೆ ಆ ಹನ್ನೆರಡು ದಿನವೂ ಮೂವತ್ತು ಹೊಸ ಬಸ್ಸುಗಳ ಉದ್ಘಾಟನೆಯದೇ ಗಡಿಬಿಡಿ. ರಿಬ್ಬನ್ ಯಾವ ಬಣ್ಣದ್ದು, ವೇದಿಕೆಯ ಮೇಲೆ ಯಾರ ಕುರ್ಚಿ ಎಲ್ಲಿ, ಫೋಟೋದಲ್ಲಿ ಯಾರ ಪಕ್ಕ ಯಾರು. ಇವರು ಏಳು ಸಲ ಬಾಗಿಲಿಗೆ ಹೋಗಿ ನಿಂತರು. "ಆಯ್ತಮ್ಮಾ, ನೋಡೋಣ, ನಿಮ್ದೇನು ಒಂದು ಬಸ್ಸು ತಾನೇ?" ಎಂಬ ಉತ್ತರ ಸಿಕ್ಕಿತು. ಗಡುವು ಮುಗಿದ ಮರುದಿನ ಸಹಿಯಾಯಿತು. ಅನುದಾನ ಕೊಡುವ ಇಲಾಖೆಯವರು ಫೈಲು ಬಿಚ್ಚದೆ ವಾಪಸ್ಸು ಕಳಿಸಿದರು. ಒಂದು ದಿನ ತಡವಾಗಿದೆಯಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ಪೂಜಾರಿ ರಿಬ್ಬನ್ ಕತ್ತರಿಸುವುದರಲ್ಲಿ ಮುಳುಗಿದ್ದರು.

ತಡವಾದದ್ದೇಕೆ ಎಂದು ಸಾಹೇಬರನ್ನು ಯಾರೂ ಕೇಳಲಿಲ್ಲ. ಕಾರಣ ಕೇಳಿ ನೋಟಿಸು ಬಂದದ್ದು ಕತ್ತರಿ ಮೇಡಂ ಮೇಜಿಗೆ.

"ಸಿಟ್ಟು ಬಂತಾ ಅಂತ ಕೇಳ್ತೀರಾ? ಬಂತು. ಬಚ್ಚಲುಮನೇಲಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ. ಆಮೇಲೆ ಬಂದು ನಮೂನೆ ತೆಗೆದೆ."

ಆರು ತಿಂಗಳ ಮೇಲೆ ಅದೇ ಅನುದಾನಕ್ಕೆ ಇನ್ನೊಮ್ಮೆ ಅರ್ಜಿ ಕರೆಯುತ್ತಾರೆ. ಆದರೆ ವಾಪಸ್ಸು ಬಂದ ಎಣಿಕೆಯನ್ನು ಮತ್ತೆ ಕೊಡುವಂತಿಲ್ಲ, ಹೊಸದಾಗಿ ಮೂವತ್ತು ದಿನ ಎಣಿಸಬೇಕು. ಬಸ್ಸೇ ನಿಂತ ಮೇಲೆ ಎಣಿಸುವುದೆಲ್ಲಿ? ಡಿಪೋ ಮ್ಯಾನೇಜರನ್ನು ಕಾಡಿ ಬೇಡಿ, ನಿಲ್ಲಿಸುವ ಆದೇಶವನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿಕೊಂಡರು. ಒಂದು ದಿನ ತಪ್ಪಿದರೂ ಎಣಿಕೆ ಮೊದಲಿನಿಂದ. ಹದಿನೇಳನೆಯ ದಿನ ನೂರ ಎರಡು ಜ್ವರ, ಮಾತ್ರೆ ನುಂಗಿ ಬಂದರು. ಅತ್ತೆ ಜಾರಿ ಬಿದ್ದ ದಿನವೂ ಬಂದರು, ವಾಪಸ್ಸು ಹೋಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅದಕ್ಕೆ ಅಷ್ಟು ಚುರುಕು ನಾಲಿಗೆಯ ಅತ್ತೆ ಅಂದಿನಿಂದ ಮಾತೇ ಬಿಟ್ಟಿದ್ದಾರೆ. ಅವರು ಬೈಯುತ್ತಿದ್ದರೇ ಚೆನ್ನಾಗಿತ್ತು, ಸುಮ್ಮನಿದ್ದರೆ ಮನೆ ಮನೆಯ ಹಾಗೆ ಇರುವುದಿಲ್ಲ ಎಂದು ಸೊಸೆಗೆ ಸಂಕಟ.

ಐದೂವರೆ. ಬಸ್ಸು ಕೊನೆಯ ನಿಲ್ದಾಣಕ್ಕೆ ಬರುತ್ತದೆ. ಹಾಳೆಯಲ್ಲಿ ಅಡ್ಡಗೀಟಿನ ಒಂಬತ್ತು ಕಟ್ಟು, ಮೇಲೊಂದು ಗೀಟು. ನಲವತ್ತಾರು. ಕಂಡಕ್ಟರ್ ಎದ್ದು ನಿಂತು, ನಾಳೆಯಿಂದ ಬಸ್ಸು ಬರುವುದಿಲ್ಲ, ಯಾರೂ ಕಾಯಬೇಡಿ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಇಳಿಯಲು ಎದ್ದವರು ನಿಂತಲ್ಲೇ ನಿಲ್ಲುತ್ತಾರೆ. ಆಸ್ಪತ್ರೆಯ ನೆಲ ಒರೆಸುವ ಹೆಂಗಸೊಬ್ಬಳು ಬುತ್ತಿಯ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೇರ ಒಂಟಿ ಸೀಟಿನ ಮುಂದೆ ಬರುತ್ತಾಳೆ.

"ಎಣಿಸಿ ಎಣಿಸಿ ನಿಲ್ಸಿಬಿಟ್ಟೆ ಅಲ್ವಾ? ನಿನ್ನ ಹೊಟ್ಟೆ ತಣ್ಣಗಾಯ್ತಾ? ನಾಳೆಯಿಂದ ಕತ್ತಲಲ್ಲಿ ನಾವು ನಡೀಬೇಕು, ನೀನು ಮನೇಲಿ ಬೆಚ್ಚಗೆ ಮಲ್ಕೋ."

ಇನ್ನಿಬ್ಬರು ದನಿಗೂಡಿಸುತ್ತಾರೆ. ಕಂಡಕ್ಟರ್ ಏನೋ ಹೇಳಲು ಬಾಯಿ ತೆರೆದರೆ ಕತ್ತರಿ ಮೇಡಂ ಕೈಸನ್ನೆಯಲ್ಲೇ ತಡೆಯುತ್ತಾರೆ. ಎಣಿಕೆ ಯಾಕೆಂದು ಪ್ರಯಾಣಿಕರಿಗೆ ತಿಳಿಸಕೂಡದು ಎಂಬುದು ಅನುದಾನದ ನಿಯಮ. ತಿಳಿದರೆ ನೆಂಟರಿಷ್ಟರನ್ನೆಲ್ಲ ಕರೆತಂದು ತಲೆ ಹೆಚ್ಚಿಸಿಯಾರು ಎಂದು ನಿಯಮ ಬರೆದವರ ಅನುಮಾನ. ಹನ್ನೊಂದು ವರ್ಷ ಇವರು ಬಾಯಿ ಬಿಟ್ಟಿಲ್ಲ. ಈ ಲೇಖನವನ್ನೂ ಎಣಿಕೆಯ ಹಾಳೆಗಳು ಇಲಾಖೆಗೆ ತಲುಪಿದ ಮೇಲೆಯೇ ಅಚ್ಚುಹಾಕಬೇಕೆಂದು ಮಾತು ತೆಗೆದುಕೊಂಡಿದ್ದಾರೆ.

ಹೆಂಗಸರು ಇಳಿದುಹೋಗುತ್ತಾರೆ. ಕತ್ತರಿ ಮೇಡಂ ಹಾಳೆಯ ಕೆಳಗೆ ಸಹಿ ಮಾಡಲು ಹೋಗಿ ತಡೆದು, ಎಣಿಕೆಯನ್ನು ಇನ್ನೊಮ್ಮೆ ನೋಡುತ್ತಾರೆ. ನಡುವಿನ ನಿಲ್ದಾಣದಲ್ಲಿ ನೂಕುನುಗ್ಗಲಿನಲ್ಲಿ ಹತ್ತಿದ ಒಬ್ಬಳಿಗೆ ಗೀಟು ಬಿದ್ದಿರಲಿಲ್ಲ. ಪೆನ್ಸಿಲ್ ಎತ್ತಿ ಒಂದು ಗೀಟು ಸೇರಿಸುತ್ತಾರೆ.

"ಅವಳು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಒಂದ್ಸಲ ನಾನೇ ನಿಲ್ಸಿದ್ದೆ," ಅನ್ನುತ್ತಾರೆ, ಕಣ್ಣೊರೆಸಿಕೊಳ್ಳದೆಯೇ. "ಬೈಲಿ ಬಿಡಿ. ಬಿಟ್ಟುಹೋಗಿದ್ದ ತಲೆ ಅವಳದ್ದೇ. ಬೈದಿದ್ದಕ್ಕೇ ನೆನಪಾಯ್ತು. ಈಗ ನಲವತ್ತೇಳು."