ನನಗೆ ಮೀಸಲಾದ ಮಂಗಳವಾರ

ನಾನು ಬಂದು ನೆಲೆಸಿದ ಪರದೇಶದಲ್ಲಿ, ಕೆಂಟ್ ಎಂಬ ಊರಿನ ಗೋದಾಮುಗಳ ಹಿಂದೆ, ಲಾಂಡ್ರಿಗೂ ಟಯರ್ ಅಂಗಡಿಗೂ ನಡುವೆ, ಗ್ಯಾಂಬಿಯಾದಿಂದ ಬಂದ ಮಹಿಳೆಯೊಬ್ಬರ ಸಲೂನ್ ಇತ್ತು. ವಾರಾಂತ್ಯದಲ್ಲಿ ಅವರ ಊರಿನ ಕಡೆಯ ಹೆಣ್ಣುಮಕ್ಕಳು ಎಳೆ ಎಳೆಯಾಗಿ ಸಣ್ಣ ಜಡೆ ಹೆಣೆಸಿಕೊಳ್ಳುತ್ತ ದಿನವಿಡೀ ಕೂರುತ್ತಿದ್ದರು. ಉಳಿದ ದಿನ ನನ್ನಂಥ ಅಲ್ಪಕೇಶಿಗಳಿಗೂ ಪ್ರವೇಶವಿತ್ತು. ಸಲೂನಿನಾಕೆ ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಅಂಕಲ್ ಎನ್ನುತ್ತಿದ್ದರು. ಅವರಲ್ಲೂ ಅದು ಮರ್ಯಾದೆಯಂತೆ. ನಾನೂ ಸಾಲ ಇಟ್ಟುಕೊಳ್ಳದೆ ಆಂಟಿ ಎನ್ನುತ್ತಿದ್ದೆ.

ಒಮ್ಮೆ ನನ್ನ ಕಿವಿಯ ಹಿಂದೆ ಕತ್ತರಿ ಆಡಿಸುತ್ತ ಕೇಳಿದರು: "ಮಂಗಳವಾರ ಇಲ್ಲಿಗೆ ನೊಣವೂ ಬರಲ್ಲ. ಆ ದಿನ ನಿಮ್ಮ ಇಂಡಿಯನ್ ಗಂಡಸರಿಗೇ ಅಂತ ಇಡ್ತೀನಿ. ಕರ್ಕೊಂಡು ಬರ್ತೀರಾ ಅಂಕಲ್?"

ಮಂಗಳವಾರ ನಮ್ಮವರು ಕೂದಲು ಕತ್ತರಿಸುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಕತ್ತರಿ ಹಿಡಿದವರಿಗೆ ಎದುರಾಡುವ ಪದ್ಧತಿ ನಮ್ಮ ವಂಶದಲ್ಲಿಲ್ಲ. "ಅದಕ್ಕೇನಂತೆ ಆಂಟಿ, ಎಲ್ಲರಿಗೂ ಹೇಳ್ತೀನಿ," ಎಂದು ಬಂದು, ಸಂಪ್ರದಾಯದಂತೆ ಮರೆತೆ.

ಮುಂದಿನ ಸೋಮವಾರ ಆ ದಾರಿಯಲ್ಲಿ ಹೋಗುವಾಗ ಸಲೂನಿನ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಕಂಡಿತು: ನಾಳೆ ಇಂಡಿಯನ್ ಗಂಡಸರ ದಿನ. ಪಕ್ಕದ ಲಾಂಡ್ರಿಯವನು ಹೇಳಿದ ಪ್ರಕಾರ, ನನ್ನ ಮಾತು ನಂಬಿ, ಆ ದಿನಕ್ಕೆ ಅಪರೂಪಕ್ಕೆ ಬಂದಿದ್ದ ದೊಡ್ಡ ಜಡೆಯ ಕೆಲಸವನ್ನೂ ಬೇಡ ಎಂದಿದ್ದರಂತೆ.

ರಾತ್ರಿಯೇ ಗೆಳೆಯರಿಗೆ ಕಾಲ್ ಮಾಡಿದೆ. "ಮಂಗಳವಾರ ಕಣಯ್ಯ, ನಿನಗೇನು ಬಂದಿದೆ?" ಎಂದ ಓವರ್‌ಲೇಕ್ ಬಡಾವಣೆಯವನು. ಇಸ್ಸಾಕ್ವಾದವನು, "ನಾನು ಇದನ್ನೆಲ್ಲ ನಂಬಲ್ಲಪ್ಪ," ಎಂದು ಧೈರ್ಯ ತುಂಬಿ, "ಆದ್ರೆ ನಾಳೆ ಬೇಡ," ಎಂದ.

ಹೀಗೆ ದೇಶದ ಮಾನ ನನ್ನೊಬ್ಬನ ತಲೆಗೆ ಬಂತು. ಅದರ ಮೇಲೆ ಕತ್ತರಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಮಂಗಳವಾರ ಆಂಟಿ ಎರಡು ಕುರ್ಚಿಗೂ ಒಗೆದ ಬಟ್ಟೆ ಹಾಸಿ ಕಾಯುತ್ತಿದ್ದರು. "ಉಳಿದವರೆಲ್ಲಿ?"

ನಿಜ ಹೇಳಿದೆ.

"ಅವತ್ತೇ ಹೇಳೋಕೆ ಏನಾಗಿತ್ತು?"

"ನಿಮ್ಮ ಕೈಲಿ ಕತ್ತರಿ ಇತ್ತು."

"ಈಗಲೂ ಇದೆ. ಕೂತ್ಕೊಳ್ಳಿ."

ಕೂತೆ. ಇದ್ದದ್ದೂ ಹೋಯಿತು. ಕತ್ತರಿ ನಿಲ್ಲಿಸದೆ ಕೇಳಿದರು, "ಬುಧವಾರಕ್ಕೆ ನಿಮ್ಮವರ ಅಡ್ಡಿ ಇಲ್ಲ ತಾನೆ?" ತಲೆ ಅಲ್ಲಾಡಿಸುವ ಸ್ಥಿತಿಯಲ್ಲಿರಲಿಲ್ಲ, ಇಲ್ಲ ಎಂದೆ.

ಮನೆಯಲ್ಲಿ ಹೆಂಡತಿ ಗ್ಯಾರೇಜಿನ ಬಾಗಿಲಲ್ಲೇ ತಡೆದಳು. "ಮಂಗಳವಾರ? ಏನನ್ನೂ ಮುಟ್ಟಬೇಡಿ, ಸೀದಾ ಸ್ನಾನಕ್ಕೆ ನಡೀರಿ."

ಗಾಜಿನ ಮೇಲೆ ಬುಧವಾರ ಎಂದಾಯಿತು. ಓವರ್‌ಲೇಕ್‌ನವನು ಆಫೀಸಿನವರನ್ನೆಲ್ಲ ಕಾರಿಗೆ ತುಂಬಿಕೊಂಡು ಬಂದ. ಏನನ್ನೂ ನಂಬದವನೂ ಬಂದ. ಕೂದಲು ಬೆಳೆದ ಮೇಲೆ ಒಂದು ಬುಧವಾರ ನಾನೂ ಹೋದೆ. ಕುರ್ಚಿ ಭರ್ತಿ, ಬೆಂಚೂ ಭರ್ತಿ. ಆಂಟಿ ಕನ್ನಡಿಯಲ್ಲೇ ನನ್ನನ್ನು ಕಂಡು ಹೇಳಿದರು:

"ಜಾಗ ಇಲ್ಲ ಅಂಕಲ್. ನಿಮಗೆ ಅಂತ ಮಂಗಳವಾರ ಇಟ್ಟಿದೀನಿ."